ಇಸ್ತ್ರಿ ಹಾಕಿದ ಪುಸ್ತಕ

ಅಂಧರ ಗ್ರಂಥಾಲಯದ ಮೇಲ್ವಿಚಾರಕರಿಗೆ ವಂದನೆಗಳು.

ನಾನು ಮನೆಗೆ ಹೋಗಿ ಬ್ರೈಲ್ ಕಲಿಸುವ ಅಜ್ಜಿಗೆ ನೀವು ಅಂಚೆಯಲ್ಲಿ ಕಳಿಸಿದ್ದ ಕಾದಂಬರಿಯ ಕೊನೆಯ ಸಂಪುಟ ಹಾಳಾಗಿದೆ. ಅದರ ಮೇಲೆ ನೀರು ಚೆಲ್ಲಿತ್ತಂತೆ. ಅತ್ತೆಯ ಪುಸ್ತಕ ಕೆಡಬಾರದೆಂದು ಸೊಸೆ ಒಂದೊಂದು ಹಾಳೆಗೂ ಇಸ್ತ್ರಿ ಹಾಕಿ ಒಣಗಿಸಿದ್ದಾಳೆ. ಉಬ್ಬಿದ್ದ ಚುಕ್ಕೆಗಳೆಲ್ಲ ನೆಲಸಮವಾಗಿವೆ.

ಅಜ್ಜಿ ಮಾತ್ರ ಹಾಳೆ ಸವರಿ ಏನೂ ತಾಗದೆ, ತಮ್ಮ ಬೆರಳುಗಳೇ ಸತ್ತುಹೋದವು ಎಂದುಕೊಂಡಿದ್ದಾರೆ. ನಡೆದದ್ದನ್ನು ನಾನು ಹೇಳಿದೆ, ಸೊಸೆಯೂ ಅಳುತ್ತ ಹೇಳಿದಳು. ಅವರು ನಕ್ಕರು. "ಇಬ್ರೂ ಮಾತಾಡ್ಕೊಂಡೇ ಬಂದಿದೀರಿ. ಕಣ್ಣು ಹೋಗೋವಾಗ್ಲೂ ಹೀಗೇ ಮೂಗಿಗೆ ತುಪ್ಪ ಸವರಿದ್ರು. ಬಲ್ಬೇ ಮಂಕಾಗಿದೆ ಅಮ್ಮಾ ಅಂತ ಮನೆ ಬಲ್ಬೆಲ್ಲ ಬದಲಾಯಿಸಿದ್ರು."

ಈಗ ಹೊಸ ಹಾಳೆ ಕೊಟ್ಟರೂ ಮುಟ್ಟುವುದಿಲ್ಲ. ಕೈಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡು, ಕಥೆಯಲ್ಲಿ ಮುನಿಸಿಕೊಂಡು ಹೋದ ತಂಗಿ ಮನೆಗೆ ಮರಳಿದಳೇ ಎಂದಷ್ಟೇ ಕೇಳುತ್ತಾರೆ. ನನಗೆ ಗೊತ್ತು. ಆದರೂ ಹೇಳಿಲ್ಲ. ಆ ಕುತೂಹಲವೊಂದೇ ಅವರ ಕೈಯನ್ನು ಹೊರಗೆ ತರಬಹುದು.

ದಯವಿಟ್ಟು ಅದೇ ಸಂಪುಟದ ಇನ್ನೊಂದು ಪ್ರತಿಯನ್ನು ಬೇಗ ಕಳಿಸಿ. ದಾರಿಯಲ್ಲಿ ಚುಕ್ಕೆಗಳು ಚಪ್ಪಟೆಯಾಗದಂತೆ ಎರಡೂ ಬದಿಗೆ ದಪ್ಪ ರಟ್ಟು ಇಡಿ. ವಿಳಾಸ ನನ್ನದೇ ಇರಲಿ. ಅವರಿಗೆ ಕೊಡುವ ಮೊದಲು ಪ್ರತಿ ಪುಟವನ್ನೂ ನಾನು ಮುಟ್ಟಿ ನೋಡಬೇಕು, ಈ ಸಲ ತಪ್ಪುವಂತಿಲ್ಲ.

ಅವರಿಗೆ ಸಕ್ಕರೆ ಕಾಯಿಲೆಯಿದೆ. ಬೆರಳು ನಿಜಕ್ಕೂ ಮರಗಟ್ಟುವ ದಿನ ಬಂದೀತೆಂಬ ಭಯ ನನಗೂ ಇದೆ. ಅದಕ್ಕೆ ಮುಂಚೆ ಆ ತಂಗಿಯ ಸುದ್ದಿ ಅವರಿಗೆ ಅವರ ಬೆರಳಿಂದಲೇ ತಿಳಿಯಲಿ.

ಅಂಚೆಯ ದಾರಿ ಕಾಯುತ್ತಿರುವ,
ಮನೆಪಾಠದ ಶಿಕ್ಷಕಿ