ನಾಲ್ಕು ಬೆರಳು ಹಿಂದಕ್ಕೆ

ಮಾರ್ಚ್ ೧೧, ಮಂಗಳವಾರ

ನನ್ನ ಪಿಎಚ್‌ಡಿ ಗೈಡ್ ಮಹಾಶಯರು ಪ್ರಬಂಧದಿಂದ ನನ್ನ ಹೆಸರನ್ನೇ ಕಿತ್ತುಹಾಕಿದ್ದಾರೆ. ಒಡೆದ ಅಣುವಿನ ಚೂರುಗಳು ಎಷ್ಟು ವೇಗದಲ್ಲಿ ಸಿಡಿದವೆಂದು ತೋರಿಸುವ ಆ ಉಂಗುರದ ಚಿತ್ರಗಳಿಗಾಗಿ ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು ನಾನು.

“ನೀನು ಗುಂಡಿ ಒತ್ತಿದ್ದಷ್ಟೇ ತಾನೇ ಅಮ್ಮಾ?” ಎಂದರು. ಮೈಯೆಲ್ಲ ಉರಿದುಹೋಯಿತು.

ಕೊನೆಯ ಚಿತ್ರಗಳನ್ನು ತೆಗೆದ ದಿನ, ಹೊರಗಿನ ಉಂಗುರ ಚಿತ್ರದಲ್ಲಿ ಹಿಡಿಸದೆ ಕ್ಯಾಮೆರಾವನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದ್ದೆ. ಹಾಗಾಗಿ ಉಂಗುರಗಳೆಲ್ಲ ಚಿಕ್ಕದಾಗಿ ಬಿದ್ದಿವೆ; ಉಂಗುರ ದೊಡ್ಡದಿದ್ದಷ್ಟೂ ವೇಗ ಹೆಚ್ಚೆಂದು ಲೆಕ್ಕ. ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೇನೆ, ಅವರಿಗೆ ಓದುವ ವ್ಯವಧಾನವೆಲ್ಲಿ? ಕ್ಯಾಮೆರಾ ಸರಿಸುವ ಮೊದಲಿನ ಅಳತೆಯನ್ನೇ ಹಿಡಿದು, ಚೂರುಗಳ ವೇಗ ಕಡಿಮೆಯೆಂದು ಬರೆದುಬಿಟ್ಟಿದ್ದಾರೆ.

“ಇನ್ನೇನಾದ್ರೂ ಹೇಳೋದಿದ್ಯಾ?”

“ಏನಿಲ್ಲ ಸರ್.”

ನಾಳೆ ತುಂಬಿದ ಸಭೆಯಲ್ಲಿ ಓದಲಿ. ಚಪ್ಪಾಳೆಯೂ ಬೀಳಲಿ. ಆಮೇಲೆ ಈ ಗುಂಡಿ ಒತ್ತಿದವಳು ಮುಂದಿನ ಸಾಲಿನಿಂದ ಎದ್ದು ಕೇಳುತ್ತಾಳೆ:

“ಸರ್, ಆವತ್ತು ಕ್ಯಾಮೆರಾ ಎಲ್ಲಿತ್ತು?”