ಕಾಫಿ ಅಂಗಡಿಯ ಗಂಟೆ

ಅತ್ತಿಗೆ,

ಕಾಫಿ ಅಂಗಡಿಯ ಕೆಲಸಕ್ಕೆ ಸೇರಿಕೊಂಡೆ. ನಿಂತು ನಿಂತು ಪಾದ ಊದಿಕೊಳ್ಳುತ್ತದೆ, ನೀವು ಕೊಟ್ಟ ಎಣ್ಣೆ ತಿಕ್ಕಿದರೆ ಇಳಿಯುತ್ತದೆ.

ಇಲ್ಲಿನ ವಿಚಿತ್ರ ಕೇಳಿ. ಗಲ್ಲಾಪೆಟ್ಟಿಗೆಯ ಪಕ್ಕ ಹಿತ್ತಾಳೆಯದೊಂದು ಗಂಟೆ ತೂಗುಹಾಕಿದ್ದಾರೆ. ಗಿರಾಕಿಗಳನ್ನು ಕರೆಯುವುದಕ್ಕಿರಬೇಕು ಅಂದುಕೊಂಡು, ಕಾಫಿ ತಯಾರಾದ ಕೂಡಲೇ ಢಣ್ ಎಂದು ಬಾರಿಸಿಬಿಟ್ಟೆ. ಗಿರಾಕಿ ಕೂತಲ್ಲಿಂದ ಅಲುಗಲಿಲ್ಲ. ಬೀಜ ಪುಡಿಮಾಡುವವಳು, ಲೋಟ ತೊಳೆಯುವವನು, ಕೊನೆಗೆ ಮ್ಯಾನೇಜರಮ್ಮ ಕೂಡ ಕೈಲಿದ್ದ ಕೆಲಸ ಬಿಟ್ಟು ನನ್ನ ಹತ್ತಿರ ಓಡಿ ಬಂದರು! ಯಾರಿಗೆ ಕೈ ಸಾಲದೋ ಅವರು ಉಳಿದವರನ್ನು ಕರೆಯುವ ಗಂಟೆಯಂತೆ ಅದು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆದರೆ ಒಬ್ಬರೂ ಬೈಯಲಿಲ್ಲ.

ಬೈಸಿಕೊಂಡದ್ದು ಮರುದಿನ, ಗಂಟೆ ಮುಟ್ಟದೇ ಇದ್ದದ್ದಕ್ಕೆ! ಹಾಲು ಕಾಯಿಸುವ ಯಂತ್ರದ ಜೊತೆ ಒಬ್ಬಳೇ ಗುದ್ದಾಡಿ ಬೆರಳಿಗೆ ಬೊಬ್ಬೆ ಬರಿಸಿಕೊಂಡಿದ್ದೆ. (ಈಗ ಒಣಗಿದೆ, ಅಮ್ಮನಿಗೆ ಹೇಳಬೇಡಿ.)

"ಕರೆಯೋಕೆ ಏನಮ್ಮ ನಿಂಗೆ ಬಿಗುಮಾನ? ನಾನೇ ದಿನಾ ಬಾರಿಸ್ತೀನಿ, ನಂಗಿಲ್ಲದ್ದು ನಿಂಗ್ಯಾಕೆ?" ಎಂದರು ಮ್ಯಾನೇಜರಮ್ಮ.

ನಿಜವೇ. ಇವತ್ತು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಬಾರಿಸಿದರು. ಎಲ್ಲರಿಗಿಂತ ಮೊದಲು ಓಡಿದವಳೂ ನಾನೇ, ತೆಗೆದುಕೊಟ್ಟವಳೂ ನಾನೇ. ಆಮೇಲೆ ದಿನವಿಡೀ ಕಾಲುನೋವು ನೆನಪಾಗಲಿಲ್ಲ. ಇದೇನು ಮಾಯೆಯೋ ಗೊತ್ತಾಗುತ್ತಿಲ್ಲ.

ಅಣ್ಣ ಈಗಲೂ ಹಾಲ್‌ನಲ್ಲಿ ಕೂತುಕೊಂಡೇ "ಕಾಫಿ!" ಎಂದು ಕೂಗುತ್ತಾನೆಯೇ? ಇಂಥದೇ ಒಂದು ಗಂಟೆಯನ್ನು ಪಾರ್ಸೆಲ್ ಮಾಡಿದ್ದೇನೆ, ಅಡುಗೆಮನೆಯಲ್ಲಿ ತೂಗುಹಾಕಿ. ಕಾರ್ಡಿನಲ್ಲಿ ಜಾಗ ಮುಗಿಯಿತು, ಇಷ್ಟನ್ನು ಮಾತ್ರ ಅವನಿಗೆ ಗಟ್ಟಿಯಾಗಿ ಓದಿ ಹೇಳಿ: ಬಾರಿಸುವವರು ನೀವು, ಎದ್ದು ಬರುವವನು ಅವನು.

ನಿಮ್ಮ ನಾದಿನಿ