ಬೋರಲು ಹಾಕಿದ ಲೋಟ

ಮಾನ್ಯ ಸೇತುವೆ ವಿಭಾಗದ ದೊಡ್ಡ ಇಂಜಿನಿಯರ್ ಸಾಹೇಬರೇ,

ಮೊನ್ನೆ ಮಧ್ಯಾಹ್ನ ಕೂತಲ್ಲೇ ಜೊಂಪು ಹತ್ತಿ ಕೆಟ್ಟ ಕನಸು ಬಿತ್ತು. ಸೇತುವೆಯ ಡಾಂಬರನ್ನೆಲ್ಲ ಯಾರೋ ಚಾಪೆಯ ಹಾಗೆ ಸುತ್ತಿ ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದರು. ನಾನು ಪೊರಕೆ ಹಿಡಿದು ಹಿಂದೆ ಓಡುತ್ತ, "ಗುಡಿಸಿದ್ದೆ ಸ್ವಾಮಿ, ಗುಡಿಸಿದ್ದೆ" ಎಂದು ಕೂಗುತ್ತಿದ್ದೆ. ಅವರು ತಿರುಗಿದರು. ನೋಡಿದರೆ ನೀವೇ. ಕನಸೇ ವಾಸಿ, ನಿಮ್ಮ ತನಿಖಾ ವರದಿಯಲ್ಲಿ ನೀವು ತಿರುಗಿಯೂ ನೋಡಿಲ್ಲ. "ಗುಡಿಸುವವರ ನಿರ್ಲಕ್ಷ್ಯದಿಂದ ಧೂಳು ಉಳಿದು ಡಾಂಬರು ಕಾಂಕ್ರೀಟಿಗೆ ಅಂಟಿಲ್ಲ" ಎಂದು ಬರೆದು ಸಹಿ ಜಡಿದಿದ್ದೀರಿ. ಆ ಗುಡಿಸುವವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮ ಕಚೇರಿಯಲ್ಲೇ ಹುಟ್ಟಿರಬೇಕು.

ನಾನು ನಾಲ್ಕನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು. ನಿಮ್ಮ ವರದಿಯನ್ನು ಬೆರಳಿಟ್ಟು ಮೂರು ದಿನ ಓದಿದೆ. ನನ್ನ ಕಾಗುಣಿತದ ತಪ್ಪು ಕ್ಷಮಿಸಿ. ನಿಮ್ಮ ತಪ್ಪನ್ನು ನಾನು ಕ್ಷಮಿಸುವುದಿಲ್ಲ, ನೀವು ಓದಿದವರು.

ನನಗೆ ಚಿಂತೆ ಜಾಸ್ತಿ. ಬೀಗ ಹಾಕಿ ಮೂರು ಸಲ ಎಳೆದು ನೋಡುವ ಜಾತಿ. ಕೆಲಸದ ಜಾಗದಲ್ಲಿ ನನಗೆ 'ಒದ್ದೆಯಕ್ಕ' ಎಂದೇ ಹೆಸರು. ಕಾಂಕ್ರೀಟು ಮೇಲೆ ಒಣಗಿದಂತೆ ಕಂಡರೂ ನಾನು ನಂಬುವುದಿಲ್ಲ. ನನ್ನ ಗಾಜಿನ ಲೋಟವನ್ನು ಅದರ ಮೇಲೆ ಬೋರಲು ಹಾಕಿ ಕಾಯುತ್ತೇನೆ. ಒಳಗೆ ಹನಿ ಕಟ್ಟಿದರೆ ಕಾಂಕ್ರೀಟಿನ ಹೊಟ್ಟೆಯಲ್ಲಿ ನೀರಿದೆ ಎಂದರ್ಥ. ಡಾಂಬರು ಹಾಕಿದ ದಿನ ನಾನು ಗುಡಿಸಿದ ಮೇಲೆ, ಹತ್ತು ಗಂಟೆಗೆ ಟ್ಯಾಂಕರ್ ಬಂದು ಇಡೀ ಸೇತುವೆ ತೊಳೆಯಿತು. ಹನ್ನೊಂದೂವರೆಗೆ ಡಾಂಬರಿನ ಲಾರಿ ಬಂದೇಬಿಟ್ಟಿತು. ಲೋಟ ಎತ್ತಿ ಮೇಸ್ತ್ರಿಗೆ ತೋರಿಸಿದೆ.

"ನೋಡಣ್ಣ, ಹೆಂಗೆ ಬೆವರಿದೆ. ಇನ್ನೂ ಒದ್ದೆ."

"ನಿನ್ನ ಲೋಟಕ್ಕೆ ಜ್ವರ ಬಂದಿರಬೇಕು ಕಣಕ್ಕ. ಸಾಹೇಬ್ರು ಮಧ್ಯಾಹ್ನದೊಳಗೆ ಮುಗಿಸು ಅಂದವ್ರೆ. ಸುಡೋ ಡಾಂಬರು ಬಿದ್ರೆ ನೀರು ತಾನೇ ಓಡಿಹೋಗುತ್ತೆ, ನಡಿ."

ಓಡಿ ಎಲ್ಲಿಗೆ ಹೋಗಬೇಕು ಸಾಹೇಬರೇ? ಕೆಳಗೆ ಕಾಂಕ್ರೀಟು, ಮೇಲೆ ಡಾಂಬರು. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಆವಿ ಏನು ಮಾಡುತ್ತದೆಂದು ನಿಮ್ಮ ಕಾಲೇಜಿನಲ್ಲಿ ಹೇಳಿಕೊಡಲಿಲ್ಲವೇ? ಎರಡರ ನಡುವೆ ಅಂಟಿಗೆಂದು ಬಳಿದ ತೆಳು ಡಾಂಬರು ನೀರಿನ ಮೇಲೆ ಕೂತಿತು, ಕಾಂಕ್ರೀಟನ್ನು ಮುಟ್ಟಲೇ ಇಲ್ಲ. ಮೂರೇ ತಿಂಗಳು. ಸೇತುವೆ ಇಳಿಯುವಲ್ಲಿ, ಬಸ್ಸುಗಳು ಬ್ರೇಕ್ ಒತ್ತುವ ಜಾಗದಲ್ಲಿ, ಡಾಂಬರು ಸಿಪ್ಪೆಯಂತೆ ಜಾರಿತು. ಅದರ ಮೇಲೆ ಸ್ಕೂಟರ್ ಸಮೇತ ಜಾರಿದವಳು ನನ್ನ ತಂಗಿ. ಹೊಲಿಗೆಯವಳು. ಬಲಗಾಲು ಮುರಿದು, ಈಗ ಮೆಷಿನ್ನಿನ ಪೆಡಲ್ ತುಳಿಯಲಾರಳು. ನೋವಿಗೂ ಅಳದವಳು ನಿಮ್ಮ ವರದಿ ಕೇಳಿ ಒಂದು ಮಾತು ಕೇಳಿದಳು: "ಅಕ್ಕಾ, ನಿಜ ಹೇಳು. ಅವತ್ತು ಸರಿಯಾಗಿ ಗುಡಿಸಿದ್ದೆ ತಾನೆ?"

ಡಾಂಬರು ಕಾಂಕ್ರೀಟಿಗೆ ಅಂಟಲಿಲ್ಲ, ನಿಮ್ಮ ಸುಳ್ಳು ಮಾತ್ರ ನನ್ನ ಹಣೆಗೆ ಗಟ್ಟಿಯಾಗಿ ಅಂಟಿತು. ನನ್ನ ಹಣೆ ಅಷ್ಟು ಚೆನ್ನಾಗಿ ಒಣಗಿತ್ತೇನೋ!

ಕಿತ್ತುಬಂದ ಡಾಂಬರಿನ ಒಂದು ತುಂಡನ್ನು ತಂದು ತಂಗಿಯ ಮೆಷಿನ್ನಿನ ಮೇಲಿಟ್ಟಿದ್ದೇನೆ. ಬಂದು ತಿರುವಿ ನೋಡಿ. ಧೂಳಿದ್ದರೆ ತಳಕ್ಕೆ ಹಿಟ್ಟು ಮೆತ್ತಿದ ಹಾಗೆ ಬೂದಿ ಬಣ್ಣವಿರಬೇಕಿತ್ತು. ಇದು ಕಪ್ಪಗೆ ಮಿರುಗುತ್ತಿದೆ, ಮೈತುಂಬ ಆವಿಯ ಗುಳ್ಳೆ ಒಡೆದ ಕುಳಿ. ಅಲ್ಲ, ತೊಳೆಸಿದ ಸೇತುವೆಯ ಮೇಲೆ ಧೂಳು ಎಲ್ಲಿಂದ ಬಂತು? ತೊಳೆಸಿಲ್ಲ ಎನ್ನುತ್ತೀರೋ, ಒಣಗಿಸಿಲ್ಲ ಎನ್ನುತ್ತೀರೋ? ಎರಡರಲ್ಲಿ ಒಂದು ಆರಿಸಿಕೊಳ್ಳಿ.

ನನಗೆ ನಿಮ್ಮ ಕರುಣೆ ಬೇಡ, ಸೇಡು ಬೇಕು. ಸಹಿ ಹಾಕಿದ ಅದೇ ಕೈಯಿಂದ ಆ ಸಾಲು ಹೊಡೆದುಹಾಕಿ, "ಒದ್ದೆಯಿದೆ ಎಂದು ಅವಳು ಹೇಳಿದ್ದಳು" ಎಂದು ಬರೆದು ಕಚೇರಿಯ ಬಾಗಿಲಿಗೆ ಅಂಟಿಸಬೇಕು. ಆಮೇಲೆ ನನ್ನ ತಂಗಿಯ ಮುಂದೆ ಕೂತು ಓದಬೇಕು. ಅಲ್ಲಿಯ ತನಕ ದಿನಾ ಬರುತ್ತೇನೆ, ನಿಮ್ಮ ಮೇಜಿನ ಮೇಲೆ ಲೋಟ ಬೋರಲು ಹಾಕಿ ಕೂರುತ್ತೇನೆ. ಲೋಟದಲ್ಲಿ ಹನಿ ಕಟ್ಟದಿದ್ದರೂ ನಿಮ್ಮ ಹಣೆಯಲ್ಲಿ ಕಟ್ಟುತ್ತದೆ.

ಇಂತಿ,
ಹೇಳಿಯೂ ಕೆಟ್ಟವಳು,
ಒದ್ದೆಯಕ್ಕ

ಇನ್ನೊಂದು ಮಾತು. ವರದಿಯ ಏಳನೇ ಕಲಮಿನಲ್ಲಿ "ಬೆಳಿಗ್ಗೆ ಹತ್ತು ಗಂಟೆಗೆ ಮೇಲ್ಮೈ ಒಣಗಿರುವುದನ್ನು ಖುದ್ದಾಗಿ ಪರೀಕ್ಷಿಸಲಾಯಿತು" ಎಂದಿದೆ. ನನ್ನ ಗಡಿಯಾರವೇ ತಪ್ಪೇನೋ ಎಂದು ಹೆದರಿ ಟ್ಯಾಂಕರಿನವನನ್ನೂ ಕೇಳಿದೆ. ಅವನೂ ನೀರು ಬಿಟ್ಟಿದ್ದು ಹತ್ತಕ್ಕೇ ಎಂದ. ಆ ಗಂಟೆಯೊಂದನ್ನು ದಯವಿಟ್ಟು ಇನ್ನೊಮ್ಮೆ ನೋಡಿ.